ಹೊನ್ನಾವರದಲ್ಲಿ ಒಂದೂವರೆ ದಿನ: ಹೊಳೆಯೋ, ಕಡಲೋ, ಕಲ್ಲೋ?

ಹೊನ್ನಾವರ ನೋಡಿದ್ದೇನೆ ಎನ್ನುವವರಲ್ಲಿ ಹೆಚ್ಚಿನವರು ನೋಡಿರುವುದು ಶರಾವತಿ ಸರ್ಕಲ್ಲನ್ನು. ಮುರುಡೇಶ್ವರ ಮುಗಿಸಿ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲುತ್ತದೆ. ಒಂದು ಚಾ, ಒಂದು ಪ್ಲೇಟ್ ಬನ್ಸ್, ಕಾಲು ಸಡಿಲಿಸಲು ನಾಲ್ಕು ಹೆಜ್ಜೆ. ಅದಕ್ಕೂ ಮೊದಲು ಸೇತುವೆ ದಾಟುವಾಗ ಕಿಟಕಿಯಿಂದ ಮೊಬೈಲು ಚಾಚಿ ತೆಗೆದ ಅರ್ಧ ನಿಮಿಷದ ವಿಡಿಯೊ. ಅಲ್ಲಿಗೆ ಹೊನ್ನಾವರ ಮುಗಿಯಿತು.

ಪ್ರತಿ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಭಾವನ ಫೋನು ಬರುತ್ತದೆ. "ಒಂದೂವರೆ ದಿನ ರಜೆ ಉಳಿದದ್ದು ಮಾರಾಯ. ನಿಮ್ಮ ಕಡೆ ಏನೇನು ನೋಡುಲಕ್ಕು, ಒಂದು ಪಟ್ಟಿ ಕಳ್ಸು." ಮೊದಮೊದಲು ಕಳಿಸುತ್ತಿದ್ದೆ. ಹದಿನಾಲ್ಕು ಜಾಗದ ಪಟ್ಟಿ ಹಿಡಿದು ಬಂದವರು ಹದಿನಾಲ್ಕು ಪಾರ್ಕಿಂಗ್ ಜಾಗ ನೋಡಿಕೊಂಡು, ಮಕ್ಕಳಿಗೆ ವಾಂತಿ ಮಾಡಿಸಿಕೊಂಡು ವಾಪಸು ಹೋದರು. ಆಮೇಲೆ ಪಟ್ಟಿ ಬಿಟ್ಟು ಪ್ರಶ್ನೆ ಕೇಳಲು ಶುರು ಮಾಡಿದೆ. ಜೊತೆಗೆ ಯಾರಿದ್ದಾರೆ? ಯಾವ ತಿಂಗಳು ಬರುತ್ತೀರಿ? ಸ್ವಂತ ಗಾಡಿಯೋ, ಬಸ್ಸೋ? ಮೀನು ತಿನ್ನುವವರೋ, ಅಲ್ಲವೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಜಾಗಗಳು ತಾವಾಗಿಯೇ ಬಿದ್ದುಹೋಗುತ್ತವೆ.

ನನ್ನದೊಂದು ಪಕ್ಷಪಾತವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಲೆಕ್ಕದಲ್ಲಿ ಹೊನ್ನಾವರ ಕಡಲ ಊರಲ್ಲ, ಹೊಳೆಯ ಊರು. ಕಡಲು ಕಾರವಾರದಿಂದ ಉಳ್ಳಾಲದವರೆಗೂ ಇದೆ, ಎಲ್ಲಿ ಬೇಕಾದರೂ ನೋಡಬಹುದು. ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯಿಂದಾಚೆ ಸಾವಕಾಶವಾಗಿ ಮೈ ಚಾಚಿಕೊಂಡು ಬರುವ ಶರಾವತಿ ಸಮುದ್ರ ಸೇರುವುದು ಇಲ್ಲೊಂದೇ ಕಡೆ. ಇಲ್ಲಿ ಬಂದರು ಹುಟ್ಟಿದ್ದು, ಘಟ್ಟದ ಕಾಳುಮೆಣಸು ಹಡಗು ಹತ್ತಿದ್ದು, ಅದರ ವಾಸನೆ ಹಿಡಿದು ಪೋರ್ಚುಗೀಸರು ಬಂದದ್ದು, ಎಲ್ಲ ಈ ಅಳಿವೆಯಿಂದಾಗಿ. ಒಂದನ್ನೇ ನೋಡಲು ಸಮಯವಿದ್ದರೆ ಹೊಳೆ ನೋಡಿ. ಎರಡನೆಯದಕ್ಕೂ ಸಮಯವಿದ್ದರೆ ಆಗ ಯೋಚಿಸೋಣ.

ದೋಣಿಯೋ, ಕಾಂಡ್ಲಾ ನಡಿಗೆಯೋ

ಹೊಳೆಯನ್ನು ನೋಡಲು ಎರಡು ದಾರಿ. ಹೆದ್ದಾರಿ ಸೇತುವೆಯ ಆಸುಪಾಸಿನಲ್ಲಿ ಖಾಸಗಿ ದೋಣಿಯವರಿದ್ದಾರೆ. ಕುರ್ವೆಗಳ, ಅಂದರೆ ಹೊಳೆ ನಡುವಿನ ನಡುಗಡ್ಡೆಗಳ ಸುತ್ತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಸುತ್ತಾಡಿಸಿ ತರುತ್ತಾರೆ. ಇನ್ನೊಂದು, ಹೊಳೆಯ ದಕ್ಷಿಣ ದಂಡೆಯಲ್ಲಿ ಕಾಸರಕೋಡಿನ ಕಡೆ ಅರಣ್ಯ ಇಲಾಖೆ ಮಾಡಿಸಿದ ಮರದ ಕಾಲುದಾರಿ. ಕಾಂಡ್ಲಾ ಕಾಡಿನೊಳಗೆ ಕೆಸರಿನ ಮೇಲೆ ಕಾಲು ಒದ್ದೆಯಾಗದಂತೆ ನಡೆದುಕೊಂಡು ಹೋಗಬಹುದು. ಸಣ್ಣ ಪ್ರವೇಶ ಶುಲ್ಕವಿದೆ.

ಎರಡೂ ಒಂದೇ ಕಾಂಡ್ಲಾ, ಎರಡಕ್ಕೂ ಯಾಕೆ ದುಡ್ಡು ಕೊಡಬೇಕು ಎಂದು ಭಾವ ಕೇಳಿದ್ದುಂಟು. ಒಂದೇ ಅಲ್ಲ. ದೋಣಿಗೆ ಭರತ ಬೇಕು, ನಡಿಗೆಗೆ ಇಳಿತ ಬೇಕು. ಭರತದ ಹೊತ್ತಿನಲ್ಲಿ ಸಮುದ್ರದ ನೀರು ಒಳಗೆ ನುಗ್ಗಿ ಕಾಲುವೆಗಳು ತುಂಬಿಕೊಳ್ಳುತ್ತವೆ, ದೋಣಿ ಗಿಡಗಳ ನಡುವೆ ನುಸುಳಿ ಹೋಗುತ್ತದೆ, ತಲೆಯ ಮೇಲೆ ಕೊಂಬೆಗಳ ಚಪ್ಪರ. ಇಳಿತದ ಹೊತ್ತಿಗೆ ಅದೇ ಕಾಲುವೆಯಲ್ಲಿ ದೋಣಿ ಹೂಳಿಗೆ ತಾಗುತ್ತದೆ, ನಡುಹೊಳೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಮರದ ದಾರಿಯ ಕಥೆ ಇದರ ತಿರುಗಾಮುರುಗಾ. ಭರತದಲ್ಲಿ ಹೋದರೆ ಬರೀ ನೀರು, ಬರೀ ಎಲೆ. ಇಳಿತದಲ್ಲಿ ಹೋದರೆ ಬೇರುಗಳು ಬಯಲಾಗುತ್ತವೆ. ಒಂದು ಜಾತಿಯದು ಬಿಲ್ಲಿನಂತೆ ಬಾಗಿ ಕೆಸರಿಗೆ ಊರಿಕೊಂಡ ಊರುಗೋಲುಗಳು. ಇನ್ನೊಂದರದು ಕೆಸರಿನಿಂದ ಮೇಲೆದ್ದ, ಪೆನ್ಸಿಲ್ ನೆಟ್ಟಂತಿರುವ ಉಸಿರುಬೇರುಗಳು. ಒಂದು ದೊಡ್ಡ ಉಗುರಿನ ಸಣ್ಣ ಏಡಿಗಳು ಬಿಲದ ಬಾಯಲ್ಲಿ ನಿಂತು ಕೈಬೀಸುತ್ತವೆ. ಕೆಸರಲ್ಲಿ ಕುಪ್ಪಳಿಸುವ ಮೀನುಗಳಿವೆ, ಮಕ್ಕಳು ಅವನ್ನು ಕಪ್ಪೆ ಎಂದು ಜಗಳ ಮಾಡುತ್ತಾರೆ.

ಗಿಡದ ಕೊಂಬೆಯಲ್ಲಿ ಕುಳ್ಳ ನುಗ್ಗೆಕಾಯಿಯಂತೆ ಹಸಿರಾಗಿ ನೇತಾಡುವುದನ್ನು ಕಂಡರೆ ಒಂದು ನಿಮಿಷ ನಿಲ್ಲಿ. ಅದು ಕಾಯಿಯಲ್ಲ, ಸಸಿ. ಕಾಂಡ್ಲಾದ ಬೀಜ ತಾಯಿಗಿಡದಲ್ಲಿದ್ದಾಗಲೇ ಮೊಳೆತು ಉದ್ದವಾಗುತ್ತದೆ. ಕಳಚಿ ಬಿದ್ದಾಗ ಕೆಳಗೆ ಕೆಸರಿದ್ದರೆ ಅಲ್ಲೇ ನಾಟಿಕೊಳ್ಳುತ್ತದೆ, ನೀರಿದ್ದರೆ ತೇಲಿ ಹೋಗಿ ಎಲ್ಲೋ ದಡ ಹಿಡಿಯುತ್ತದೆ. ದೋಣಿಯಿಂದ ಇದು ಕಾಣುವುದಿಲ್ಲ ಎಂದಲ್ಲ. ಆದರೆ ದೋಣಿಯಲ್ಲಿ ಕೂತವರು ಸೆಲ್ಫಿ ತೆಗೆಯುತ್ತಿರುತ್ತಾರೆ.

ಭರತ, ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಸರಿಯುತ್ತದೆ. ನಿನ್ನೆ ಬಂದವರು ಹೇಳಿದ ವೇಳೆ ಇವತ್ತಿಗೆ ಸಲ್ಲದು. ಹಿಂದಿನ ದಿನ ಸಂಜೆ ದೋಣಿಯವನನ್ನೇ "ನಾಳೆ ಭರತ ಎಷ್ಟೊತ್ತಿಗೆ?" ಎಂದು ಕೇಳಿ. ಹೀಗೆ ಕೇಳುವ ಪ್ರವಾಸಿಗನಿಗೆ ಅವನು ಕೊಡುವ ಮರ್ಯಾದೆಯೇ ಬೇರೆ. ಬೆಳಿಗ್ಗೆ ಹೋಗುವುದೋ, ಸಂಜೆ ಹೋಗುವುದೋ ಎಂದರೆ, ಭರತ ಹೊಂದಿಕೆಯಾದರೆ ಬೆಳಿಗ್ಗೆ. ಸೂರ್ಯ ಘಟ್ಟದ ಹಿಂದಿನಿಂದ ಏಳುತ್ತಾನೆ, ಹೊಳೆಯ ಮೇಲೆ ಮಂಜಿರುತ್ತದೆ, ಆ ಮಂಜಿನಲ್ಲಿ ಕೊಂಕಣ ರೈಲ್ವೆಯ ಸೇತುವೆ ಮೇಲೊಂದು ರೈಲು ಹೋಗುತ್ತದೆ. ಎರಡು ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚೇ ಉದ್ದದ ಈ ಸೇತುವೆ ಆ ಇಡೀ ಮಾರ್ಗದಲ್ಲೇ ಅತಿ ಉದ್ದದ್ದು. ರೈಲು ದಾಟಿ ಮುಗಿಯುವವರೆಗೆ ದೋಣಿಯಲ್ಲಿದ್ದ ಯಾರೂ ಮಾತಾಡುವುದಿಲ್ಲ. ಸಂಜೆಯ ದೋಣಿಗಳಲ್ಲಿ ಕೆಲವೊಮ್ಮೆ ಸ್ಪೀಕರ್ ಇರುತ್ತದೆ. ಹತ್ತುವ ಮೊದಲೇ ಬೇಡ ಎನ್ನಿ. ಲೈಫ್ ಜಾಕೆಟ್ ಮಾತ್ರ ಬೇಡ ಎನ್ನಬೇಡಿ.

ಮಂಡಿನೋವಿನ ಹಿರಿಯರಿದ್ದರೆ? ದೋಣಿಗೆ ಹತ್ತಿಳಿಯುವುದಕ್ಕಿಂತ ಮರದ ದಾರಿ ವಾಸಿ. ತೀರಾ ಸಣ್ಣ ಮಕ್ಕಳಿದ್ದರೂ ಅದೇ. ಉಳಿದವರು ಭರತ ಯಾವಾಗ ಎಂದು ನೋಡಿ ತೀರ್ಮಾನಿಸಿ. ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ, ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿದರೆ ಅದಕ್ಕಿಂತ ಒಳ್ಳೆಯ ದಿನ ಹೊನ್ನಾವರದಲ್ಲಿ ಸಿಗುವುದಿಲ್ಲ.

ಕಡಲೇ ಬೇಕು ಎನ್ನುವವರಿಗೆ

ಸರಿ. ಇಲ್ಲಿ ಆಯ್ಕೆ ಸುಲಭ. ಮಕ್ಕಳು ನೀರಿಗಿಳಿಯಲೇಬೇಕು ಎಂದಿದ್ದರೆ ಕಾಸರಕೋಡಿನ ಇಕೋ ಬೀಚ್. 2020ರಲ್ಲಿ ಪಡುಬಿದ್ರಿಯ ಜೊತೆ ಇದಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮಾನ್ಯತೆಯ ಮಾತು ಬಿಡಿ, ಕುಟುಂಬದವರಿಗೆ ಅದರ ಅರ್ಥ ಇಷ್ಟೇ: ಶೌಚಾಲಯವಿದೆ, ಬಟ್ಟೆ ಬದಲಿಸಲು ಕೋಣೆಯಿದೆ, ಜೀವರಕ್ಷಕರಿದ್ದಾರೆ, ಈಜಬಹುದಾದ ಜಾಗಕ್ಕೆ ಗುರುತಿದೆ. ಗಾಳಿಮರದ ತೋಪಿನ ನೆರಳಿದೆ. ಹೊನ್ನಾವರದಿಂದ ನಾಲ್ಕೈದು ಕಿಲೊಮೀಟರ್. ಅದರ ದೋಷವೂ ಇದೇ. ಎಲ್ಲ ಅಚ್ಚುಕಟ್ಟಾಗಿದೆ, ಬೇರೆ ಊರಿನ ಬೀಚಿನಲ್ಲಿ ಇಲ್ಲದ್ದು ಇಲ್ಲೇನೂ ಇಲ್ಲ.

ಅಪ್ಸರಕೊಂಡ ಹಾಗಲ್ಲ. ಇನ್ನೂ ಮೂರ್ನಾಲ್ಕು ಕಿಲೊಮೀಟರ್ ದಕ್ಷಿಣಕ್ಕೆ ಹೋದರೆ ಸಣ್ಣದೊಂದು ಜಲಪಾತ, ಅದರ ಕೆಳಗೆ ಕೊಳ, ಪಾಂಡವರು ಇದ್ದರು ಎಂದು ಜನ ಹೇಳುವ ಗುಹೆ, ಪಕ್ಕದಲ್ಲಿ ಉಗ್ರನರಸಿಂಹನ ಗುಡಿ. ಮೇಲಿನ ಗುಡ್ಡ ಹತ್ತಿದರೆ ಕೆಳಗೆ ಉದ್ದಕ್ಕೆ ಕಡಲತೀರ. ಈಚೆಗೆ ಈ ಭಾಗದ ಸಮುದ್ರವನ್ನು ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿ ಧಾಮವೆಂದು ಸರ್ಕಾರ ಘೋಷಿಸಿದೆ. ಆದರೆ ತಿಂಗಳು ನೋಡಿ ಹೋಗಿ. ಮಾರ್ಚಿನಲ್ಲಿ ಜಲಪಾತ ನೋಡಲು ಹೋದ ಒಂದು ಮದುವೆ ದಿಬ್ಬಣ ಕಲ್ಲು ನೋಡಿ ಬಂದದ್ದನ್ನು ನಾನೇ ಕಂಡಿದ್ದೇನೆ, ನಾನೂ ಆ ದಿಬ್ಬಣದಲ್ಲಿದ್ದೆ.

ಇನ್ನೊಂದು ತೀರವಿದೆ, ಪ್ರವಾಸಿಗರಿಗೆಂದು ಇರುವುದಲ್ಲ. ಕಾಸರಕೋಡ ಟೊಂಕ, ಮೀನುಗಾರರ ಊರು. ಮರಳಿನ ಮೇಲೆ ಬಂಗಡೆ, ತಾರ್ಲೆ ಹರವಿ ಒಣಗಿಸುವ ಹೆಂಗಸರು, ಬಲೆ ಹೊಲಿಯುವ ಗಂಡಸರು, ಕಾಗೆ ಓಡಿಸುವ ಮುದುಕಿಯರು. ವಾಸನೆ ತಡೆಯುವ ಮೂಗು ಇದ್ದರೆ ಹೋಗಿ. ಹೋದರೆ ಕ್ಯಾಮೆರಾ ಚೀಲದಲ್ಲೇ ಇಟ್ಟುಕೊಂಡು ಮೊದಲು ಮಾತಾಡಿ. ಒಣಮೀನು ಕೊಳ್ಳಲು ಬಂದವರೆಂದು ತಿಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಈ ಮರಳಿಗೇ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೇಲಿ ಹಾಕಿ ಕಾಯ್ದ ಗೂಡು ಕಂಡರೆ ದೂರದಿಂದ ನೋಡಿ ಸರಿಯಿರಿ, ರಾತ್ರಿ ಟಾರ್ಚು ಹಿಡಿದು ಹೋಗಬೇಡಿ.

ಗೋಕರ್ಣದ ಓಂ ಬೀಚು, ಕುಡ್ಲೆಗೆ ಇವನ್ನು ಹೋಲಿಸಿ ಕೇಳುತ್ತಾರೆ. ಗೆಳೆಯರ ಗುಂಪು, ರಾತ್ರಿಯವರೆಗೆ ತೀರದಲ್ಲೇ ಕೂರುವ ಆಸೆ ಎಂದಾದರೆ ನೇರ ಗೋಕರ್ಣಕ್ಕೇ ಹೋಗಿ. ಹೊನ್ನಾವರದಲ್ಲಿ ಆ ಗಮ್ಮತ್ತು ಹುಡುಕಿದರೆ ನಿಮಗೂ ಬೇಜಾರು, ಊರಿನವರಿಗೂ ಬೇಜಾರು.

ಕಲ್ಲು: ಗೇರುಸೊಪ್ಪೆ, ಬಸವರಾಜದುರ್ಗ, ಮಿರ್ಜಾನ

ಹೊನ್ನಾವರಕ್ಕೆ ಇತಿಹಾಸವಿದೆಯಂತೆ, ಕೋಟೆ ಎಲ್ಲಿದೆ ಎಂದು ಪೇಟೆಯಲ್ಲಿ ಹುಡುಕುತ್ತ ಹೋದರೆ ನಿರಾಶೆ. 1569ರಲ್ಲಿ ಪೋರ್ಚುಗೀಸರು ಗೆದ್ದುಕೊಂಡ ಕೋಟೆ, ಮುಂದೆ 1783–84ರಲ್ಲಿ ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಕೋಟೆ, ಇವೆಲ್ಲ ಪುಸ್ತಕದಲ್ಲಿ ದೊಡ್ಡವು. ನೆಲದ ಮೇಲೆ ತೋರಿಸಲು ಹೆಚ್ಚೇನಿಲ್ಲ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ಗೋವೆಯ ದಾರಿ ತೋರಿಸಿ ಜೊತೆಗೆ ಹಡಗು ತಂದ ತಿಮ್ಮೋಜ ಹೊನ್ನಾವರದವನು, ಅವನ ಹೆಸರಿನ ಒಂದು ಬೋರ್ಡನ್ನೂ ನಾನು ಕಂಡಿಲ್ಲ. ಅದಕ್ಕೇ ಕಲ್ಲು ನೋಡಲು ಊರ ಹೊರಗೆ ಹೋಗಬೇಕು. ಮೂರರಲ್ಲಿ ಯಾವುದು?

ನನ್ನ ಓಟು ಗೇರುಸೊಪ್ಪೆಗೆ, ಸ್ವಲ್ಪ ಕಷ್ಟವಾದರೂ. ಹೊನ್ನಾವರದಿಂದ ಜೋಗದ ರಸ್ತೆಯಲ್ಲಿ ಸುಮಾರು 30 ಕಿಲೊಮೀಟರ್. ಅಲ್ಲಿ ಹೊಳೆ ದಾಟಿ ಕಾಡಿನ ದಾರಿಯಲ್ಲಿ ಹೋದರೆ ನಗರಬಸ್ತಿಕೇರಿ. ಹೆಸರೇ ಕಥೆ ಹೇಳುತ್ತದೆ: ಒಂದು ಕಾಲದ ನಗರ, ಬಸದಿಗಳ ಕೇರಿ. ಈಗ ಸುತ್ತ ಕಾಡು. ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕೂ ಕಡೆ ಮುಖಮಾಡಿದ ತೀರ್ಥಂಕರರು. ಯಾವ ಬಾಗಿಲಿನಿಂದ ಬಂದರೂ ಎದುರಿಗೊಬ್ಬರು. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಈ ರಚನೆ ಪರಿಚಿತವೇ. ಆದರೆ ಕಾರ್ಕಳದ್ದು ಗುಡ್ಡದ ತುದಿಯಲ್ಲಿ ಬಯಲಿಗೆ ನಿಂತಿದೆ, ಇದು ಮರಗಳ ಮರೆಯಲ್ಲಿ ಕೂತಿದೆ. ಹತ್ತಿರದಲ್ಲೇ ಬೇರೆ ಬಸದಿಗಳು, ಶಾಸನ ಕಲ್ಲುಗಳು, ಜ್ವಾಲಾಮಾಲಿನಿಯ ಗುಡಿ.

ಇಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ ಐವತ್ತನಾಲ್ಕು ವರ್ಷ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಇಲ್ಲಿ ದೋಣಿಗೇರಿ ಇದೇ ಹೊಳೆಯಲ್ಲಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಆಕೆ ಸೋತು ಹದಿನೇಳು ವರ್ಷವಾದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಹೋಗುವ ರಾಯಭಾರಿಗಳ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಅವನು ಕಂಡದ್ದು ಅರಮನೆಯ ಮೇಲೆ ಬೆಳೆದ ಗಿಡಮರ, ಅಲ್ಲೊಂದು ಇಲ್ಲೊಂದು ಗುಡಿಸಲು. ಹದಿನೇಳೇ ವರ್ಷ! ಬಸದಿಯ ಮೆಟ್ಟಿಲಲ್ಲಿ ಕೂತು ಇದನ್ನು ನೆನೆದರೆ ಕಾಡಿನ ವೇಗದ ಬಗ್ಗೆ ಒಂದು ಭಯವೇ ಆಗುತ್ತದೆ. ಮಳೆಗಾಲ ಕಳೆದ ತೋಟವನ್ನು ನೋಡಿದವರಿಗೆ ಇದು ಅತಿಶಯೋಕ್ತಿ ಅನ್ನಿಸಲಿಕ್ಕಿಲ್ಲ.

ಎಚ್ಚರಿಕೆಗಳೂ ಇವೆ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಒಂದು ಆಗಸ್ಟಿನಲ್ಲಿ ಮಧ್ಯಾಹ್ನ ಊಟ ಮುಗಿಸಿ, ನಿದ್ದೆ ಮಾಡಿ, ನಾಲ್ಕು ಗಂಟೆಗೆ ಹೊರಟೆವು. ಬಸದಿ ಮುಟ್ಟುವಾಗ ಒಳಗೆ ಕತ್ತಲು, ಅಕ್ಕನ ಕಾಲಲ್ಲಿ ಏಳು ಉಂಬಳ. ಏಳನ್ನೂ ಎಣಿಸಿದವಳು ಅವಳೇ, ಈಗಲೂ ಎಣಿಸುತ್ತಾಳೆ. ಬೆಳಿಗ್ಗೆ ಹೋಗಿ, ನೀರು ತಿಂಡಿ ಒಯ್ಯಿರಿ, ಉಪ್ಪಿನ ಪೊಟ್ಟಣ ಇರಲಿ. ಅಲ್ಲಿ ಅಂಗಡಿ ಸಾಲು ಇಲ್ಲ. ಬಸ್ಸಿನಲ್ಲಿ ಬರುವವರು ಗೇರುಸೊಪ್ಪೆಯಲ್ಲಿಳಿದು ಅಟೋ ಮಾತಾಡಿಕೊಳ್ಳಬೇಕು, ವಾಪಸು ಬರುವವರೆಗೆ ಕಾಯಲು ಹೇಳಿ.

ಬಸವರಾಜದುರ್ಗ ಸಮುದ್ರದ ನಡುವಿನ ದ್ವೀಪ, ಕೆಳದಿ ಅರಸರ ಕಾಲದ ಕೋಟೆ. ಚಿತ್ರದಲ್ಲಿ ನೋಡಿದರೆ ಇದಕ್ಕೇ ಮೊದಲ ಬಹುಮಾನ. ಆದರೆ ಅಲ್ಲಿಗೆ ಬಸ್ಸಿನಂತೆ ವೇಳೆಗೆ ಹೊರಡುವ ದೋಣಿ ಇಲ್ಲ. ಸಮುದ್ರ ಶಾಂತವಿರಬೇಕು, ಒಪ್ಪುವ ದೋಣಿಯವನು ಸಿಗಬೇಕು, ಅನುಮತಿಯ ವಿಚಾರವನ್ನು ಬಂದರಿನಲ್ಲಿ ಕೇಳಿಕೊಳ್ಳಬೇಕು. ಒಂದೂವರೆ ದಿನದ ಕಾರ್ಯಕ್ರಮವನ್ನು ಇದರ ಮೇಲೆ ಕಟ್ಟಿದರೆ ಅರ್ಧ ದಿನ ದಂಡೆಯಲ್ಲೇ ಹೋದೀತು. ವಾರ ಇರುವವರಿಗೆ, ಸಮುದ್ರದ ಓಲಾಟ ತಡೆಯುವವರಿಗೆ ಮಾತ್ರ.

ಮಿರ್ಜಾನ ಕೋಟೆ ಇದಕ್ಕೆ ತದ್ವಿರುದ್ಧ. ಕುಮಟಾ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಇದೆ, ಹೊನ್ನಾವರದಿಂದ ಮೂವತ್ತು ಚಿಲ್ಲರೆ ಕಿಲೊಮೀಟರ್. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು. ಕಟ್ಟಿಸಿದವಳು ಚೆನ್ನಭೈರಾದೇವಿಯೇ ಎಂಬುದು ಜನರ ಬಾಯಲ್ಲಿರುವ ಮಾತು. ಮಳೆಗಾಲದಲ್ಲಿ ಗೋಡೆಯ ಮೇಲೆಲ್ಲ ಪಾಚಿ, ಹುಲ್ಲು ಹಬ್ಬಿ ಇಡೀ ಕೋಟೆ ಹಸಿರು ಕಂಬಳಿ ಹೊದ್ದ ಹಾಗಿರುತ್ತದೆ. ಆಗ ಅದಕ್ಕೆ ಸಾಟಿಯಿಲ್ಲ. ಏಪ್ರಿಲಿನಲ್ಲಿ ಹೋದರೆ ನೆರಳಿಲ್ಲ, ಚಿರೇಕಲ್ಲಿನ ಕಾವು ಕೆಳಗಿನಿಂದಲೂ ಬರುತ್ತದೆ. ಗೋಕರ್ಣಕ್ಕೆ ಹೇಗೂ ಹೋಗುವವರಿದ್ದರೆ ಇದು ದಾರಿಯಲ್ಲೇ ಸಿಗುತ್ತದೆ, ಗೇರುಸೊಪ್ಪೆ ಬಿಟ್ಟು ಇದನ್ನು ಹಿಡಿಯುವುದರಲ್ಲಿ ತಪ್ಪಿಲ್ಲ. ಜೋಗಕ್ಕೆ ಹೋಗುವವರು ಅಥವಾ ಜೋಗದಿಂದ ಬರುವವರು ಗೇರುಸೊಪ್ಪೆಯನ್ನು ಬಿಟ್ಟರೆ ಅದು ತಪ್ಪೇ.

ದೇವರು ಮತ್ತು ಆಟ

ಅತ್ತೆ ಮಾವ ಜೊತೆಗಿದ್ದರೆ ಇಡಗುಂಜಿ ತಪ್ಪಿಸಲಾಗದು, ತಪ್ಪಿಸಬೇಕಾಗಿಯೂ ಇಲ್ಲ. ನಿಂತಿರುವ ಎರಡು ಕೈಯ ಗಣಪತಿ, ಮುಟ್ಟುವಷ್ಟು ಹತ್ತಿರವೆನಿಸುವ ಗಾತ್ರ. ಹೊನ್ನಾವರದಿಂದ ಹದಿನೈದು ಕಿಲೊಮೀಟರಿನೊಳಗೆ. ಮುರುಡೇಶ್ವರಕ್ಕೆ ಇನ್ನೂ ಅಷ್ಟೇ ದೂರ ಹೋಗಬೇಕು. ಅಲ್ಲಿ 123 ಅಡಿಯ ಶಿವ, ಲಿಫ್ಟು ಹತ್ತಿ ಹೋಗುವ ಇಪ್ಪತ್ತು ಅಂತಸ್ತಿನ ಗೋಪುರ. ಮಕ್ಕಳು ಮುರುಡೇಶ್ವರ ಎನ್ನುತ್ತಾರೆ, ಅಜ್ಜಿ ಇಡಗುಂಜಿ ಎನ್ನುತ್ತಾರೆ. ಸಂಕಷ್ಟಿ, ಚೌತಿ, ಭಾನುವಾರ ಬಿಟ್ಟು ಹೋದರೆ ಅಜ್ಜಿಯ ಮಾತೇ ಕೇಳಿ.

ಇಡಗುಂಜಿಯ ಹೆಸರು ಹೊತ್ತ ಯಕ್ಷಗಾನ ಮೇಳವೂ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ್ದು. ಈಗ ಅವರ ಮನೆತನದ ನಾಲ್ಕನೇ ತಲೆಮಾರು ಬಣ್ಣ ಹಚ್ಚುತ್ತಿದೆ. ಹೆದ್ದಾರಿಯಲ್ಲೇ ಇರುವ ಗುಣವಂತೆಯಲ್ಲಿ ಅವರ ರಂಗಮಂದಿರ. ಮಳೆ ಬಿಟ್ಟ ಮೇಲೆ, ಅದರಲ್ಲೂ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಂದರೆ, ಸುತ್ತಲಿನ ಯಾವುದಾದರೂ ಊರಲ್ಲಿ ಒಂದು ಆಟ ಇದ್ದೇ ಇರುತ್ತದೆ. ಚಾದಂಗಡಿಯ ಗೋಡೆಯ ಪೋಸ್ಟರು ನೋಡಿ. ರಾತ್ರಿಯ ಆಟವೋ, ಬೀಚಿನ ಸೂರ್ಯಾಸ್ತವೋ ಎಂಬ ಪ್ರಶ್ನೆಯೇ ಬೇಡ. ಸೂರ್ಯ ನಾಳೆಯೂ ಮುಳುಗುತ್ತಾನೆ, ಮೇಳ ನಾಳೆ ಬೇರೆ ಊರಿನಲ್ಲಿರುತ್ತದೆ. ಪೂರ್ತಿ ರಾತ್ರಿ ಕೂರಲಾಗದಿದ್ದರೆ ಒಡ್ಡೋಲಗ, ಅಂದರೆ ವೇಷಗಳ ಮೊದಲ ಪ್ರವೇಶ ನೋಡಿ ಎದ್ದು ಬನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ಶಾಲು ಇರಲಿ, ಗದ್ದೆಯಲ್ಲಿ ಇಬ್ಬನಿ ಬೀಳುತ್ತದೆ.

ಯಾವಾಗ, ಹೇಗೆ, ಎಲ್ಲಿ ಉಳಿಯುವುದು

ಜೂನ್‌ನಿಂದ ಸೆಪ್ಟೆಂಬರ್: ಅಪ್ಸರಕೊಂಡ, ಮಿರ್ಜಾನ, ಜೋಗಕ್ಕೆ ಹೇಳಿ ಮಾಡಿಸಿದ ಕಾಲ. ದೋಣಿ, ಕಡಲಸ್ನಾನ ಮರೆತುಬಿಡಿ. ಅಕ್ಟೋಬರ್, ನವೆಂಬರ್ ನನ್ನ ಪ್ರಕಾರ ಅತ್ಯುತ್ತಮ: ಹಸಿರು ಹೋಗಿಲ್ಲ, ಮಳೆ ಹೋಗಿದೆ, ಜನ ಬಂದಿಲ್ಲ. ಡಿಸೆಂಬರ್ ಕೊನೆಯ ವಾರ ಬೇಡ, ಭಾವನ ಹಾಗೆ ರಜೆ ಉಳಿದಿದ್ದರೂ ಬೇಡ. ಏಪ್ರಿಲ್, ಮೇ ಬೆವರಿನ ಕಾಲ; ಆದರೆ ಮಾವಿನ ಕಾಲವೂ ಹೌದು, ಅಂಕೋಲೆಯ ಕರಿ ಇಶಾಡು ಪೇಟೆಗೆ ಬರುವುದು ಮೇನಲ್ಲಿ. ಅದೊಂದಕ್ಕಾಗಿ ಬೆವರುವವರೂ ಇದ್ದಾರೆ.

ರೈಲಿಗೆ ಬರುವುದಾದರೆ ನಿಮ್ಮ ರೈಲು ಹೊನ್ನಾವರದಲ್ಲಿ ನಿಲ್ಲುತ್ತದೆಯೋ ಎಂದು ಮೊದಲು ನೋಡಿ, ಎಲ್ಲವೂ ನಿಲ್ಲುವುದಿಲ್ಲ. ಕುಮಟಾದಲ್ಲಿಳಿದು ಬಸ್ಸು ಹಿಡಿದರೆ ಇಪ್ಪತ್ತು ಕಿಲೊಮೀಟರ್, ದೊಡ್ಡ ವಿಷಯವಲ್ಲ. ಕಾರಿನವರಿಗೆ ಸಾಗರ, ಮಾವಿನಗುಂಡಿ, ಮಾಲೆಮನೆ ಘಟ್ಟದ ದಾರಿಯೇ ಪ್ರವಾಸದ ಭಾಗ. ತಿರುವು ಬಹಳ, ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ. ಮರದ ತುದಿಯಲ್ಲಿ ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ ಇರುವ ಕೋತಿ ಕಂಡರೆ ಅದು ಸಿಂಗಳೀಕ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಅವು ಕಾಡಿನಲ್ಲಿ ಇಲ್ಲ. ಚಿಪ್ಸ್ ಹಾಕಬೇಡಿ. ಹಾಕುವವರನ್ನು ಕಂಡರೆ ನಾನು ಹಾರ್ನ್ ಹೊಡೆದು ಹೋಗುತ್ತೇನೆ, ಅಷ್ಟೇ ನನ್ನ ಕೈಲಾದ ಸೇವೆ.

ಉಳಿಯಲು ಮುರುಡೇಶ್ವರ, ಗೋಕರ್ಣದಲ್ಲಿ ಹೋಟೆಲು ಜಾಸ್ತಿ, ನಿಜ. ಆದರೆ ಬೆಳಗಿನ ದೋಣಿಗೆ ಹೋಗುವವರು ಹೊನ್ನಾವರದಲ್ಲೇ ಉಳಿಯಿರಿ. ಪೇಟೆಯ ಲಾಡ್ಜು ಸಾಧಾರಣ. ಹೊಳೆದಂಡೆಯ ಹೋಂಸ್ಟೇ ಸಿಕ್ಕರೆ ಬಿಡಬೇಡಿ, ಬುಕ್ ಮಾಡುವಾಗ "ಹೊಳೆ ಕಾಣುತ್ತದೆಯೇ, ಹೊಳೆ ಹತ್ತಿರವೇ?" ಎಂದು ಬಿಡಿಸಿ ಕೇಳಿ. ಎರಡಕ್ಕೂ ವ್ಯತ್ಯಾಸವಿದೆಯೆಂದು ಒಮ್ಮೆ ಪೂರ್ತಿ ದುಡ್ಡು ಕೊಟ್ಟು ಕಲಿತಿದ್ದೇನೆ. ಹತ್ತಿರವಿತ್ತು, ನಡುವೆ ಒಂದು ಗುಡ್ಡವಿತ್ತು.

ಊಟ

ಇಲ್ಲಿ ಎರಡು ಅಡುಗೆಮನೆಗಳಿವೆ, ಎರಡೂ ಒಂದೇ ಬಾರಿಗೆ ಸಿಗುವುದು ಕಷ್ಟ. ಮೀನು ತಿನ್ನುವವರು ನೊಗ್ಲಿ ಕೇಳಿ. ದಕ್ಷಿಣ ಕನ್ನಡದವರು ಕಾಣೆ ಎನ್ನುವುದು ಇದನ್ನೇ. ರವೆ ಹಚ್ಚಿ ಕಾವಲಿಯ ಮೇಲೆ ಹುರಿದದ್ದು ಬೆರಳುದ್ದವಿದ್ದರೂ ಇಸ್ವಾಣದ ದಪ್ಪ ತುಂಡಿಗಿಂತ ರುಚಿ, ಮುಳ್ಳಿನ ತಾಪತ್ರಯವೂ ಕಮ್ಮಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ತಟ್ಟೆಗೆ ಬರುವ ಮೀನು ಹೊಳೆಯದೋ ಐಸಿನದೋ ಎಂದು ಕೇಳಿಕೊಳ್ಳಿ. ಬೆಳಚು (ಚಿಪ್ಪುಮೀನು) ಸಿಕ್ಕರೆ ಅದು ಹೆಚ್ಚಾಗಿ ಕುಮಟಾದ ಅಘನಾಶಿನಿಯದು. ಮೇಲೆ ವಿದ್ಯುತ್ ಉತ್ಪಾದಿಸಿ ವರ್ಷವಿಡೀ ಸಿಹಿನೀರು ಬಿಡುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆ, ಬೆಳಚಿಗೆ ಉಪ್ಪು ಬೇಕು. ಅಣೆಕಟ್ಟೇ ಇಲ್ಲದ ಅಘನಾಶಿನಿಯಲ್ಲಿ ಈಗಲೂ ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗೆ ನೀರಿಗಿಳಿದು ಹೆಕ್ಕುತ್ತಾರೆ. ಬೆಳಚಿನ ಸುಕ್ಕಾ ತಿನ್ನುವಾಗ ಇದು ನೆನಪಿರಲಿ ಎಂದು ಹೇಳಿದೆ.

ಮೀನು ಬೇಡ ಎನ್ನುವವರು ಹವ್ಯಕ ಊಟ ಹುಡುಕಬೇಕು. ಹೋಟೆಲಿನಲ್ಲಿ ಅಲ್ಲ, ಹೋಂಸ್ಟೇಯಲ್ಲಿ, ಇಲ್ಲವೇ ಪರಿಚಯದ ಮನೆಯಲ್ಲಿ. ಒಂದೆಲಗದ ತಂಬುಳಿ, ಬೇಸಿಗೆಯಾದರೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಸಾರು. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿದ ಮೇಲೆ ಉಳಿದದ್ದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ, ಮಧ್ಯಾಹ್ನದ ನಿದ್ದೆಗೆ ಅದಕ್ಕಿಂತ ಮದ್ದಿಲ್ಲ. ಕೊಂಡೊಯ್ಯಲು ತೊಡದೇವು. ಮಡಕೆಯ ಬೆನ್ನ ಮೇಲೆ ಹೊಯ್ದು ತೆಗೆದ ಆ ಕಾಗದದಂಥ ಸಿಹಿ ಬೆಂಗಳೂರಿಗೆ ಮುಟ್ಟುವಾಗ ಪುಡಿಯಾಗಿರುತ್ತದೆ, ಡಬ್ಬಿಯಲ್ಲಿ ತುಂಬಿಸಿಕೊಳ್ಳಿ, ಬಟ್ಟೆಯ ಚೀಲದಲ್ಲಿ ಬೇಡ.

ಹದಿನಾಲ್ಕನೇ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿದ್ದಾನೆ. ಆಗ ಊರನ್ನಾಳುತ್ತಿದ್ದ ಸುಲ್ತಾನನ ಮನೆಯ ಊಟವನ್ನೂ ಬಿಡದೆ ಬರೆದಿದ್ದಾನೆ: ಮೊದಲು ಅನ್ನ, ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ, ಅದರ ಜೊತೆ ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ. ಕಟ್ಟಕಡೆಗೆ ಮೊಸರು ಬರುತ್ತದೆ, ಅದು ಬಂದರೆ ಇನ್ನೇನೂ ಬರುವುದಿಲ್ಲ ಎಂದು ಗೊತ್ತಾಗುತ್ತದೆ ಎನ್ನುತ್ತಾನೆ. ಕುಡಿಯಲು ಬಿಸಿನೀರು, ಮಳೆಗಾಲಕ್ಕೆ ತಣ್ಣೀರು ಆಗದು ಎಂದು.

ಕಳೆದ ಸಲ ಭಾವ ಬಂದಾಗ ಬಡಿಸುತ್ತಿದ್ದ ಅಮ್ಮ ಮಜ್ಜಿಗೆಯ ತಪ್ಪಲೆ ತಂದಳು. ಭಾವ ಇನ್ನೊಂದು ಹುರಿದ ನೊಗ್ಲಿ ಬರುತ್ತದೆಂದು ಕಾಯುತ್ತ ಕೂತಿದ್ದ. ಬರಲಿಲ್ಲ.